ಬುಧವಾರದ ಬರಹದ ಪಿರಿಯಡ್ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ.

ಐದು, ಆರು ಮತ್ತು ಏಳನೇ ತರಗತಿಗಳಲ್ಲಿ ಈ ಜೂನ್‌ನಿಂದ ಶುರುವಾಗಿರುವ, ಮಕ್ಕಳು ಮಾತು, ಸನ್ನೆ ಬಿಟ್ಟು ಚೀಟಿ ಬರೆದೇ ತಿಳಿಸಬೇಕಾದ ಬುಧವಾರದ ಬರಹದ ಪಿರಿಯಡ್ ಬಗ್ಗೆ ನಿಮ್ಮಲ್ಲಿ ಹಲವರು ಆಫೀಸಿಗೆ ಬಂದು ಮಾತಾಡಿದ್ದೀರಿ. ವಾಟ್ಸಾಪ್ ಗ್ರೂಪಿನಲ್ಲಿ ಅದಕ್ಕಿಂತ ಹೆಚ್ಚು ಚರ್ಚೆಯಾಗಿದೆ. "ಮಕ್ಕಳ ಬಾಯಿ ಕಟ್ಟುತ್ತಿದ್ದಾರೆ" ಎಂದು ಒಬ್ಬರು, "ಮಾತಾಡಿದರೆ ಶಿಕ್ಷೆಯಂತೆ" ಎಂದು ಇನ್ನೊಬ್ಬರು ಬರೆದದ್ದನ್ನು ನನಗೆ ತೋರಿಸಿದರು. ಮಕ್ಕಳ ಮೇಲಿನ ಕಾಳಜಿಯಿಂದಲೇ ನೀವು ಹಾಗೆ ಬರೆದಿದ್ದೀರಿ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ತರಗತಿಯಲ್ಲಿ ನಡೆಯುತ್ತಿರುವುದು ಬೇರೆ. ಅದನ್ನು ನಾನೇ ವಿವರವಾಗಿ ತಿಳಿಸಬೇಕು ಅನ್ನಿಸಿತು.

ಮೊದಲು ಶಿಕ್ಷೆಯ ಮಾತು. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಕಾಯ್ದೆ ಇಲ್ಲದಿದ್ದರೂ ನಮ್ಮ ಶಾಲೆಯಲ್ಲಿ ಅದು ನಡೆಯುವುದಿಲ್ಲ. ಬರಹದ ಪಿರಿಯಡ್‌ನಲ್ಲಿ ಮಾತಾಡಿಬಿಟ್ಟ ಮಗುವಿಗೆ ಶಿಕ್ಷಕಿ ಒಂದು ಖಾಲಿ ಚೀಟಿ ಕೊಡುತ್ತಾರೆ, ಅಷ್ಟೇ. ನೀರು ಬೇಕಾದರೆ, ಹೊಟ್ಟೆನೋವು ಬಂದರೆ, ಶೌಚಾಲಯಕ್ಕೆ ಹೋಗಬೇಕಾದರೆ ಎದ್ದು ಹೇಳಬಹುದು. ಬರೆಯಲು ಕಷ್ಟಪಡುವ ಮಕ್ಕಳಿಗೆ ಅಕ್ಷರದ ಕಾರ್ಡುಗಳಿವೆ, ಬೇಕಾದಷ್ಟು ಸಮಯವೂ ಇದೆ. ಚೀಟಿಗಳಿಗೆ ಮಾರ್ಕಿಲ್ಲ, ಕಾಗುಣಿತಕ್ಕೆ ಕೆಂಪು ಗೆರೆ ಇಲ್ಲ. ಕನ್ನಡದ ನಡುವೆ ಮರಾಠಿ, ಹಿಂದಿ ಬಂದರೂ ಅಡ್ಡಿಯಿಲ್ಲ.

ಆ ಪಿರಿಯಡ್‌ನಲ್ಲಿ ಇಬ್ಬರು ಮಕ್ಕಳು ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಾರೆ. ಒಬ್ಬರ ಕೈಯಲ್ಲಿ ಚಿತ್ರ, ಇನ್ನೊಬ್ಬರ ಕೈಯಲ್ಲಿ ಖಾಲಿ ಹಾಳೆ. ಚಿತ್ರ ಇರುವವರು ಚೀಟಿ ಬರೆದು ಕೊಡಬೇಕು, ಇನ್ನೊಬ್ಬರು ಅದನ್ನು ಓದಿ ಅದೇ ಚಿತ್ರ ಬಿಡಿಸಬೇಕು. ಮಾತಿಲ್ಲ, ಕೈಸನ್ನೆ ಇಲ್ಲ, ತಿರುಗಿ ನೋಡುವಂತೆಯೂ ಇಲ್ಲ. ಕಳೆದ ವಾರ ಆರನೇ ತರಗತಿಯ ಒಂದು ಜೋಡಿಗೆ ಆಟೋರಿಕ್ಷಾದ ಚಿತ್ರ ಬಂದಿತ್ತು. ಹುಡುಗಿ ಮೊದಲ ಚೀಟಿಯಲ್ಲಿ, "ಮುಂದೆ ಒಂದು ಚಕ್ರ ಹಾಕು, ಹಿಂದೆ ಇನ್ನೊಂದು. ಮೇಲೆ ಹೀಗೆ ಬಗ್ಗಿದ ಗೆರೆ" ಎಂದು ಬರೆದಳು. ಮುಂದೆ ಅಂದರೆ ಹಾಳೆಯ ಯಾವ ಕಡೆ ಎಂದು ತಿಳಿಯದೆ ಹುಡುಗ ಒಂದು ಚಕ್ರವನ್ನು ಹಾಳೆಯ ತುದಿಯಲ್ಲೂ ಇನ್ನೊಂದನ್ನು ಬುಡದಲ್ಲೂ ಹಾಕಿದ. ಚೀಟಿಯ ಹಿಂಬದಿಯಲ್ಲಿ "ಹೀಗೆ ಅಂದ್ರೆ ಹೇಗೆ?" ಎಂದು ಬರೆದು ವಾಪಸ್ ಕೊಟ್ಟ. ಅವಳು ಬಾಯಿ ತೆರೆಯಲು ಹೋದಳು, ಕೈ ಎತ್ತಿದಳು, ಎರಡೂ ಆಗುವುದಿಲ್ಲ ಎಂದು ನೆನಪಾಗಿ ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಎರಡನೇ ಚೀಟಿ ಹೀಗಿತ್ತು: "ಆಟೋ ನಿನ್ನ ಬಲಗೈ ಕಡೆಗೆ ಹೋಗ್ತಾ ಇದೆ. ಒಂದು ಚಕ್ರ ಬಲಗಡೆ, ಇನ್ನೊಂದು ಎಡಗಡೆ, ಎರಡೂ ಹಾಳೆಯ ಕೆಳಗೆ ಒಂದೇ ಸಾಲಲ್ಲಿ. ಚಾವಣಿ ಎಡಗಡೆ ಚಕ್ರದ ಹಿಂದಿನಿಂದ ಎದ್ದು ಡ್ರೈವರ್ ತಲೆ ಮೇಲೆ ಬಂದು ಮುಂದಿನ ಗಾಜಿಗೆ ಸೇರುತ್ತೆ."

ಈ ಎರಡು ಚೀಟಿಗಳ ನಡುವೆ ಆ ಮಗು ಕಲಿತದ್ದನ್ನು ಯಾವ ಪಾಠ ಮಾಡಿಯೂ ನಾವು ಕಲಿಸಲಾರೆವು. ತನಗೆ ಕಾಣುತ್ತಿರುವುದು ಓದುವವರಿಗೆ ಕಾಣುತ್ತಿಲ್ಲ ಎಂಬುದು ಅವಳಿಗೆ ತಾನಾಗಿಯೇ ಹೊಳೆಯಿತು. ಬಾಯಿ ಇದ್ದಾಗ, ಕೈ ಇದ್ದಾಗ ಅರ್ಧ ಹೇಳಿದರೂ ನಡೆಯುತ್ತದೆ. ಉಳಿದರ್ಧವನ್ನು ಮುಖ ನೋಡಿ ಎದುರಿನವರೇ ತುಂಬಿಕೊಳ್ಳುತ್ತಾರೆ. ಕಾಗದದ ಮೇಲೆ ಆ ಸಹಾಯವಿಲ್ಲ.

ಇಲ್ಲಿಗೆ ನಿಮ್ಮ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ನಾಳೆ ಇಂಟರ್‌ವ್ಯೂನಲ್ಲಿ ಮಾತು ಮತ್ತು ಬಾಡಿ ಲ್ಯಾಂಗ್ವೇಜ್ ನೋಡುತ್ತಾರೆಯೇ ಹೊರತು ಅಕ್ಷರವನ್ನಲ್ಲ ಎನ್ನುತ್ತೀರಿ. ಸಂವಹನದಲ್ಲಿ ಪದಗಳ ಪಾಲು ಶೇಕಡಾ 7 ಮಾತ್ರ, ದನಿಯದು 38, ಮುಖ ಮತ್ತು ಹಾವಭಾವದ್ದು 55 ಎಂದು ವ್ಯಕ್ತಿತ್ವ ವಿಕಸನ ಶಿಬಿರದಲ್ಲಿ ಹೇಳಿದ್ದನ್ನು ಒಬ್ಬ ತಂದೆ ಬರೆದುಕೊಂಡೇ ಬಂದಿದ್ದರು. ಈ ಅಂಕಿಗಳು ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ಎರಡು ಪ್ರಯೋಗಗಳಿಂದ ಬಂದವು. ಅಲ್ಲಿ ಕೇಳಿಸಿದ್ದು ಬಿಡಿಬಿಡಿ ಪದಗಳನ್ನು, ಬೇರೆ ಬೇರೆ ದನಿಯಲ್ಲಿ. ಒಂದು ಪ್ರಯೋಗದಲ್ಲಿ ಜೊತೆಗೆ ಮುಖದ ಫೋಟೋಗಳನ್ನೂ ತೋರಿಸಿದ್ದರು. ಮಾತಾಡುವವರಿಗೆ ಎದುರಿನವರ ಮೇಲೆ ಇಷ್ಟವೋ ಅನಿಷ್ಟವೋ ಎಂದು ಊಹಿಸಲು ಹೇಳಿದ್ದರು. ಒಬ್ಬರ ಮಾತು ಒಂದು ಹೇಳುತ್ತಿದ್ದು ಮುಖ ಇನ್ನೊಂದು ಹೇಳುತ್ತಿದ್ದರೆ ನಾವು ಮುಖವನ್ನೇ ನಂಬುತ್ತೇವೆ ಎಂಬಷ್ಟಕ್ಕೆ ಆ ಲೆಕ್ಕ. ಭಾವನೆಗಳ ವಿಷಯ ಬಿಟ್ಟು ಬೇರೆಡೆ ಈ ಸೂತ್ರ ಅನ್ವಯಿಸುವುದಿಲ್ಲ ಎಂದು ಅವರೇ ಸ್ಪಷ್ಟಪಡಿಸಿದ್ದಾರೆ. ನೂರಕ್ಕೆ ತೊಂಬತ್ತಮೂರು ಪಾಲು ಪದವಿಲ್ಲದೆಯೇ ತಿಳಿಯುವಂತಿದ್ದರೆ ಡಾಕ್ಟರು ಕೊಟ್ಟ ಔಷಧಿ ಚೀಟಿಯನ್ನು ನಾವು ಜೋಪಾನವಾಗಿ ಇಟ್ಟುಕೊಳ್ಳುತ್ತಿರಲಿಲ್ಲ.

ಮಾತು ಬೇಡ ಎಂದು ನಾವು ಹೇಳುತ್ತಿಲ್ಲ. ದಯವಿಟ್ಟು ಇದನ್ನು ಗಮನಿಸಿ. ವಾರದ ಉಳಿದೆಲ್ಲ ಪಿರಿಯಡ್‌ಗಳಲ್ಲಿ ಮಕ್ಕಳು ಮಾತಾಡುತ್ತಾರೆ, ಹಾಡುತ್ತಾರೆ, ಭಾಷಣ ಸ್ಪರ್ಧೆಗೆ ನಿಲ್ಲುತ್ತಾರೆ. ಕಿವಿ ಕೇಳಿಸದವರ ಸನ್ನೆ ಭಾಷೆಯನ್ನೂ ನಾವು ಕಡಿಮೆ ಎನ್ನುತ್ತಿಲ್ಲ. ಅದು ತನ್ನದೇ ವ್ಯಾಕರಣ ಇರುವ ಪೂರ್ಣ ಭಾಷೆ. ಒಂದೇ ಒಂದು ಪಿರಿಯಡ್ ಮಾತು, ಸನ್ನೆ ಎರಡನ್ನೂ ಬದಿಗಿಟ್ಟು, ಬರಹವೊಂದರಿಂದಲೇ ಕೆಲಸ ಸಾಗಿಸಿ ನೋಡಲಿ ಎಂಬುದು ನಮ್ಮ ಉದ್ದೇಶ. ಈ ಪಿರಿಯಡ್ ಮುಂದುವರಿಯುತ್ತದೆ.

"ಮಾತೂ ಇಲ್ಲ, ಸನ್ನೆಯೂ ಇಲ್ಲ ಎಂಬ ಪರಿಸ್ಥಿತಿ ಯಾರಿಗೆ ಬರುತ್ತದೆ ಮೇಡಂ?" ಎಂದು ಒಬ್ಬ ತಾಯಿ ಕೇಳಿದರು. ಒಳ್ಳೆಯ ಪ್ರಶ್ನೆ. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರ ದೇಹ ಕಾಯಿಲೆಯಿಂದ ಹೆಚ್ಚುಕಡಿಮೆ ಸ್ತಬ್ಧವಾಗಿತ್ತು. 1985ರಲ್ಲಿ ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿ ದನಿಯೂ ಹೋಯಿತು. ಮೊದಮೊದಲು ಯಾರಾದರೂ ಅಕ್ಷರ ಫಲಕ ಹಿಡಿದು ಒಂದೊಂದೇ ಅಕ್ಷರ ತೋರಿಸುತ್ತಾ ಹೋದರೆ, ಬೇಕಾದ ಅಕ್ಷರ ಬಂದಾಗ ಹುಬ್ಬೇರಿಸುತ್ತಿದ್ದರು. ಆಮೇಲೆ ಕಂಪ್ಯೂಟರ್ ಬಂತು. 2001ರ ಜನವರಿಯಲ್ಲಿ ಅವರು ನಮ್ಮ ಮುಂಬಯಿಗೇ ಬಂದು ಉಪನ್ಯಾಸ ಕೊಟ್ಟಿದ್ದರು. ಸಭೆಗೆ ಕೇಳಿಸಿದ್ದು ಯಂತ್ರದ ದನಿ, ಆದರೆ ಅದರ ಹಿಂದೆ ಇದ್ದದ್ದು ಅವರು ಕಷ್ಟಪಟ್ಟು ಮೊದಲೇ ಬರೆದಿಟ್ಟ ವಾಕ್ಯಗಳು.

ಅಷ್ಟು ದೂರ ಹೋಗುವುದೂ ಬೇಡ. 1890ರಿಂದ ಈ ಊರಿನಲ್ಲಿ ಡಬ್ಬಾವಾಲಾಗಳು ಊಟ ಮುಟ್ಟಿಸುತ್ತಿದ್ದಾರೆ. ಮನೆಯಿಂದ ಡಬ್ಬ ಒಯ್ದವರೇ ಆಫೀಸಿಗೆ ಮುಟ್ಟಿಸುವುದಿಲ್ಲ. ನಡುವೆ ಸ್ಟೇಷನ್‌ನಲ್ಲಿ ಕೈ ಬದಲಾಗುತ್ತದೆ, ಲೋಕಲ್ ಏರುತ್ತದೆ, ಇಳಿದ ಕಡೆ ಮತ್ತೆ ಕೈ ಬದಲಾಗುತ್ತದೆ. ಡಬ್ಬ ಎಲ್ಲಿಂದ ಹೊರಟಿದೆ, ಯಾವ ಸ್ಟೇಷನ್‌ನಲ್ಲಿ ಇಳಿಯಬೇಕು, ಯಾವ ಕಟ್ಟಡ, ಎಷ್ಟನೇ ಮಹಡಿ ಎಂಬುದೆಲ್ಲ ಮುಚ್ಚಳದ ಮೇಲಿನ ಕೆಲವು ಅಕ್ಷರ, ಅಂಕಿ, ಬಣ್ಣಗಳಲ್ಲಿ ಇರುತ್ತದೆ. ಆ ಗುರುತು ಹಾಕಿದವರು ಆಫೀಸಿನ ಬಾಗಿಲಲ್ಲಿ ನಿಂತು ವಿವರಿಸಲಾರರು. ಹಾಕುವಾಗಲೇ ಸರಿಯಾಗಿ ಹಾಕಿರಬೇಕು.

ನಿಮ್ಮಲ್ಲಿ ಎಷ್ಟೋ ಮನೆಗಳ ಹಿರಿಯರು ಹಗಲಿಡೀ ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಓದಿದವರು. ಊರಿಗೆ ಫೋನ್ ಮಾಡುವ ಅನುಕೂಲ ಇಲ್ಲದ ಕಾಲವದು. ಬೋರಿಬಂದರಿನ ದೊಡ್ಡ ಪೋಸ್ಟ್ ಆಫೀಸಿನ ಎದುರು ಕೂತ ಬರಹಗಾರರಿಗೆ ದುಡ್ಡು ಕೊಟ್ಟು ಕಾಗದ ಬರೆಸಿದವರೂ ಇದ್ದರು. ವಿಜಯಪುರದ ಗೋಳಗುಮ್ಮಟದ ಮಾದರಿಯ ಗುಮ್ಮಟ ಇರುವ ಕಟ್ಟಡ ಅದು. ನಮ್ಮ ವಿಜಯಪುರ, ಕಲಬುರಗಿ ಕಡೆಯ ಪೋಷಕರು ಮಕ್ಕಳಿಗೆ ಒಮ್ಮೆ ತೋರಿಸಿ. ತನ್ನ ಗುಟ್ಟಿನ ಮಾತನ್ನು, ತಾಯಿಗೆ ಹೇಳಬೇಕಾದ್ದನ್ನು, ಅಪರಿಚಿತರ ಕಿವಿಗೆ ಹಾಕಿ ಬರೆಸಬೇಕಾದ ಕಷ್ಟ ತಿಳಿದಿದ್ದಕ್ಕೇ ಆ ಹಿರಿಯರು ನಿದ್ದೆಗೆಟ್ಟು ಅಕ್ಷರ ಕಲಿತರು.

ಇನ್ನೊಂದು ವಿಷಯ ಹೇಳದಿದ್ದರೆ ಈ ಪತ್ರ ಅಪೂರ್ಣ. ಬರಹದ ಪಿರಿಯಡ್‌ನ ಕೊನೆಯ ಹತ್ತು ನಿಮಿಷ ಮಕ್ಕಳು ಯಾರಿಗೆ ಬೇಕಾದರೂ ಚೀಟಿ ಬರೆಯಬಹುದು. ಒಂದು ಚೀಟಿ ನನ್ನ ಹೆಸರಿಗೆ ಬಂತು: "ಟೀಚರ್, ಹುಡುಗಿಯರ ಟಾಯ್ಲೆಟ್ಟಿನ ಎರಡನೇ ಬಾಗಿಲಿನ ಚಿಲಕ ಬೀಳುವುದಿಲ್ಲ. ನಾವು ಇಬ್ಬಿಬ್ಬರು ಹೋಗಿ ಒಬ್ಬಳು ಬಾಗಿಲು ಹಿಡಿಯುತ್ತೇವೆ." ಅದೇ ದಿನ ಚಿಲಕ ಬದಲಾಯಿಸಿದೆವು. ಶೌಚಾಲಯದ ಮಾತನ್ನು ತರಗತಿಯಲ್ಲಿ ಎಲ್ಲರ ಮುಂದೆ ಎದ್ದು ನಿಂತು ಯಾವ ಹುಡುಗಿ ಹೇಳಿಯಾಳು? ಮಾತಿನಲ್ಲಿ ಮುಂದಿರುವ ಮಕ್ಕಳ ದನಿ ನಮಗೆ ದಿನವೂ ಕೇಳಿಸುತ್ತದೆ. ಸುಮ್ಮನಿರುವ ಮಕ್ಕಳನ್ನು ಕೇಳಿಸಿಕೊಳ್ಳಲು ನಮಗಿರುವ ದಾರಿ ಇದು. ಆದ್ದರಿಂದಲೂ ಈ ಪಿರಿಯಡ್ ನಿಲ್ಲಿಸಲಾರೆವು.

ರಜೆ ಚೀಟಿಯ ಹೊಸ ನಿಯಮವೂ ಇದಕ್ಕೇ ಸೇರಿದ್ದು. ಐದನೇ ತರಗತಿಯಿಂದ ಮೇಲೆ ರಜೆ ಚೀಟಿಯನ್ನು ಮಗುವೇ ಬರೆಯಬೇಕು, ನೀವು ಸಹಿ ಹಾಕಬೇಕು. ಬೆಳಗಿನ ಡ್ಯೂಟಿಯ ಗಡಿಬಿಡಿಯಲ್ಲಿ ವಾಯ್ಸ್ ಮೆಸೇಜ್ ಸುಲಭ, ಗೊತ್ತು. ಮಗುವಿಗೆ ಹುಷಾರಿಲ್ಲದ ದಿನ ಅದನ್ನೇ ಕಳಿಸಿ, ಚೀಟಿ ಮಾರನೆಯ ದಿನ ಬಂದರೆ ಸಾಕು. ಏಳನೇ ತರಗತಿಯವರು ಮುಂದಿನ ತಿಂಗಳು ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯಕ್ಕೆ ಹೋಗುವಾಗ ಒಪ್ಪಿಗೆ ಪತ್ರಕ್ಕೂ ಇದೇ ಕ್ರಮ. ನಾಲಾಸೋಪಾರದಲ್ಲಿ ಸಿಕ್ಕ ಅಶೋಕನ ಶಾಸನದ ತುಂಡನ್ನು ಮಕ್ಕಳಿಗೆ ಅಲ್ಲಿ ತೋರಿಸಬೇಕೆಂದಿದ್ದೇವೆ. ರಾಯಚೂರಿನ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನವೂ ಇದೇ ಅಶೋಕನದು, ಅದೇ ಬ್ರಾಹ್ಮಿ ಲಿಪಿಯದು. ರಾಯಚೂರಿನ ಮಕ್ಕಳು ನಮ್ಮಲ್ಲಿ ಇದ್ದಾರೆ, ನೋಡಿ ಖುಷಿಪಡುತ್ತಾರೆ.

ನಿಮ್ಮಿಂದ ಕೇಳುವುದು ಇಷ್ಟೇ: ಬುಧವಾರ ಮಗು ಮನೆಗೆ ತರುವ ಚೀಟಿಗೆ ಎರಡು ಸಾಲಿನ ಉತ್ತರ ಬರೆದು ಶುಕ್ರವಾರದೊಳಗೆ ಕಳಿಸಿ. ಕನ್ನಡ, ಮರಾಠಿ, ಹಿಂದಿ ಯಾವುದಾದರೂ ಸರಿ. ಬರೆಯಲು ಬಾರದವರು ಸಂಕೋಚಪಡಬೇಡಿ. ನೀವು ಹೇಳಿ, ಮಗುವೇ ಬರೆದುಕೊಳ್ಳಲಿ, ಕೆಳಗೆ ನಿಮ್ಮ ಗುರುತು ಇರಲಿ.

ಈ ಶನಿವಾರ ಹನ್ನೊಂದು ಗಂಟೆಗೆ ಪೋಷಕರ ಸಭೆ ಇದೆ. ಮಕ್ಕಳ ಚೀಟಿಗಳನ್ನು, ಅವರು ಒಪ್ಪಿದವನ್ನು ಮಾತ್ರ, ಮೇಜಿನ ಮೇಲೆ ಇಟ್ಟಿರುತ್ತೇವೆ. ಮೊದಲು ಅವನ್ನು ಓದಿ, ಆಮೇಲೆ ಕೂತು ಮಾತಾಡೋಣ. ಡ್ಯೂಟಿ ಇರುವವರು ತಮ್ಮ ಅಭಿಪ್ರಾಯವನ್ನು ಡೈರಿಯಲ್ಲಿ ಬರೆದು ಕಳಿಸಿದರೆ ಪ್ರತಿಯೊಂದಕ್ಕೂ ನಾನೇ ಉತ್ತರ ಬರೆಯುತ್ತೇನೆ.

ಇತಿ ನಿಮ್ಮ ವಿಶ್ವಾಸದ,
ಮುಖ್ಯೋಪಾಧ್ಯಾಯಿನಿ