ಹೆಸರು ಬೇಡವೆಂದ ಧ್ಯಾನಕೂಟದ ಮಾರ್ಗದರ್ಶಿಗೆ

ಹೆಸರು ಬೇಡವೆಂದಿರಿ, ಸರಿ, ಹೆಸರಿಲ್ಲದೆಯೇ ವಂದನೆ. ‘ಎಲ್ಲವನ್ನೂ ದೇವರಿಗೆ ಒಪ್ಪಿಸಿಬಿಡಿ’ ಎಂಬ ಸವಕಲು ಮಾತಿನಲ್ಲಿ ನಿಲ್ಲದೆ, ಒಪ್ಪಿಸುವುದು ಹೇಗೆಂದು ಬಿಡಿಸಿ ಹೇಳಿದ್ದಕ್ಕೆ.

ಯೇಸುಸಭೆಯ ಸ್ಥಾಪಕ, ಲೊಯೊಲಾದ ಸಂತ ಇಗ್ನೇಷಿಯಸರ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಧ್ಯಾನದ ಕೈಪಿಡಿಯಲ್ಲಿ (1548ರಲ್ಲಿ ಅಚ್ಚಾದದ್ದು) ಬರುವ ಮೂವರನ್ನು ಕಣ್ಮುಂದೆ ತಂದಿರಿ. ಮೂವರಿಗೂ 10,000 ಡುಕಾಟ್, ಅಂದರೆ ಆ ಕಾಲದ ಚಿನ್ನದ ನಾಣ್ಯ, ದಕ್ಕಿದೆ. ಬರೀ ದೇವರ ಪ್ರೀತಿಗಾಗಿ ಗಳಿಸಿದ್ದಲ್ಲ, ಹಾಗಾಗಿ ಮನಸ್ಸಿಗೆ ಭಾರ. ಮೊದಲನೆಯವನು ಆ ಹಣದ ಮೋಹ ಬಿಡಲು ಸಾಯುವ ತನಕ ‘ನಾಳೆ’ ಎನ್ನುತ್ತಾನೆ. ಎರಡನೆಯವನಿಗೆ ಮೋಹ ಹೋಗಬೇಕು, ಹಣದ ಗಂಟು ಉಳಿಯಬೇಕು. ದೇವರೇ ಅವನ ದಾರಿಗೆ ಬರಬೇಕು! ಭಕ್ತರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ, ಪ್ರಾರ್ಥನೆಯ ವೇಷದಲ್ಲೇ. ಮೂರನೆಯವನು ಇಟ್ಟುಕೊಳ್ಳುವ ಹಟವನ್ನೂ ಕೊಟ್ಟುಬಿಡುವ ಹಟವನ್ನೂ ಕೆಳಗಿಟ್ಟು, ದೇವರ ಸೇವೆಗೆ ಯಾವುದು ಒಳ್ಳೆಯದೋ ಅದಾಗಲಿ ಎಂದು ಕಾಯುತ್ತಾನೆ. ಕೊಟ್ಟುಬಿಡುವುದೇ ಶರಣಾಗತಿ ಎಂದುಕೊಂಡವರಿಗೆ ಈ ವ್ಯತ್ಯಾಸ ಬೇಗ ಹೊಳೆಯದು.

ಬಡತನಕ್ಕೆ ಮನಸ್ಸು ಹಿಂಜರಿದರೆ? ಆಸೆಗೆ ವಿರುದ್ಧವಾಗಿ ಬಡತನವನ್ನೇ ಬೇಡಿಕೊಳ್ಳಬೇಕು, ದೇವರ ಮಹಿಮೆಗೆ ಆಗುವುದಾದರೆ ಎಂಬ ಷರತ್ತಿನೊಂದಿಗೆ. ಬಾಗಿದ ಬೆತ್ತವನ್ನು ಎದುರು ದಿಕ್ಕಿಗೆ ಬಗ್ಗಿಸಿದ ಹಾಗೆ. ಕೂಡಲೇ ನೆಮ್ಮದಿ ಬರುತ್ತದೆಂದು ನೀವು ಸುಳ್ಳು ಭರವಸೆ ಕೊಡಲಿಲ್ಲ.

ಇನ್ನು ನಿಮ್ಮ ಎರಡು ಎಚ್ಚರಿಕೆಗಳು. ಭಕ್ತಿ ಉಕ್ಕಿದ ಗಳಿಗೆಯಲ್ಲಿ ಆತುರದ ಹರಕೆ ಹೊರಬೇಡಿ. ಉಬ್ಬರ ಇಳಿದಾಗ ಅದು ಭಾರವಾಗುತ್ತದೆ. ಮನಸ್ಸು ಒಣಗಿದಾಗ ಹಿಂದಿನ ನಿರ್ಧಾರ ಬದಲಿಸಬೇಡಿ, ಪ್ರಾರ್ಥನೆಯನ್ನು ಸ್ವಲ್ಪ ಹೆಚ್ಚಿಸಿ. ದಿನದ ಆತ್ಮಶೋಧನೆಯನ್ನು ತಪ್ಪಿನ ಲೆಕ್ಕದಿಂದಲ್ಲ, ಕೃತಜ್ಞತೆಯಿಂದ ಶುರುಮಾಡಿ ಎಂದಿರಲ್ಲ, ಅದಕ್ಕಂತೂ ಇನ್ನೊಂದು ವಂದನೆ.