‘ಎಲೋಹೀಮ್’ ಪಕ್ಕದ ಕ್ರಿಯಾಪದವನ್ನೂ ಓದಿ

ಮಾನ್ಯ ಸಂಪಾದಕರೇ,

ಬೇರೆ ಬೇರೆ ಧರ್ಮಗಳಲ್ಲಿ ದೇವರ ಹೆಸರುಗಳು ಎಂಬ ಲೇಖನವನ್ನು ನಿಮ್ಮ ಭಾನುವಾರದ ಪುರವಣಿಯಲ್ಲಿ ಓದಿದೆ. ಬೈಬಲ್ಲಿನ ಮೊದಲ ವಾಕ್ಯದಲ್ಲಿರುವ ‘ಎಲೋಹೀಮ್’ ಎಂಬ ಹೀಬ್ರೂ ಪದ ಬಹುವಚನ, ಆದ್ದರಿಂದ ಅಲ್ಲಿ ‘ದೇವತೆಗಳು ಸೃಷ್ಟಿಸಿದರು’ ಎಂದೇ ಇರಬೇಕಿತ್ತು, ಕ್ರೈಸ್ತರು ಅದನ್ನು ಮರೆಮಾಡಿದ್ದಾರೆ ಎಂದು ಲೇಖಕರು ಬರೆದಿದ್ದರು. ಮುಂದಿನ ವಾರ ನಮ್ಮ ಕ್ರೈಸ್ತರೇ ಒಬ್ಬರು ಉತ್ತರ ಕೊಟ್ಟರು. ಬಹುವಚನ ಇರುವುದು ನಿಜ, ಅದೇ ತ್ರಿಯೇಕತ್ವಕ್ಕೆ, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ನಂಬಿಕೆಗೆ, ಪುರಾವೆ ಎಂದರು. ನನಗೆ ಇಬ್ಬರ ಮಾತೂ ಒಪ್ಪಿಗೆಯಾಗಲಿಲ್ಲ. ಇಬ್ಬರೂ ನಾಮಪದವನ್ನು ಹಿಡಿದುಕೊಂಡರು, ಅದರ ಪಕ್ಕದಲ್ಲೇ ಇರುವ ಕ್ರಿಯಾಪದವನ್ನು ಬಿಟ್ಟರು.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ತಂದೆ ಚರ್ಚಿನ ಸಭಾಪಾಲಕರಾಗಿದ್ದರು. ಹೀಬ್ರೂ ಅಕ್ಷರಗಳನ್ನು ಕಲಿಸಿದ್ದು ಅವರೇ. ಅವರ ಹಳೆಯ ಹೀಬ್ರೂ ಬೈಬಲ್ ಈಗಲೂ ನನ್ನ ಮೇಜಿನ ಮೇಲಿದೆ. ಹಾಗಾಗಿ ಈ ವಿಷಯದಲ್ಲಿ ಸುಮ್ನೆ ಇರಲು ಮನಸ್ಸಾಗಲಿಲ್ಲ. ಪತ್ರ ಉದ್ದವಾದರೆ ದಯವಿಟ್ಟು ಸಹಿಸಿಕೊಳ್ಳಿ.

ಮೊದಲ ವಾಕ್ಯ ಶುರುವಾಗುವುದು ಹೀಗೆ: ಬೆರೇಶೀತ್ ಬಾರಾ ಎಲೋಹೀಮ್. ‘ಬಾರಾ’ ಎಂದರೆ ಸೃಷ್ಟಿಸಿದನು. ಏಕವಚನ, ಪುಲ್ಲಿಂಗ. ಹಲವರು ಸೇರಿ ಸೃಷ್ಟಿಸಿದ್ದರೆ ಅಲ್ಲಿ ‘ಬಾರೆಊ’ ಎಂದಿರಬೇಕಿತ್ತು. ಇಲ್ಲ. ಆ ಅಧ್ಯಾಯ ಪೂರ್ತಿ ಓದಿ ನೋಡಿ. ಎಲೋಹೀಮ್ ಹೇಳಿದನು, ನೋಡಿದನು, ಕರೆದನು, ಬೇರೆಬೇರೆ ಮಾಡಿದನು. ಎಲ್ಲವೂ ಏಕವಚನವೇ.

ಕನ್ನಡದವರಿಗೆ ಇದು ವಿಚಿತ್ರ ಅನ್ನಿಸಬಾರದು. ನಮ್ಮ ಹಳೆಯ ಸತ್ಯವೇದದಲ್ಲಿ, ಅಂದರೆ ಕನ್ನಡ ಬೈಬಲ್ಲಿನಲ್ಲಿ, ಅದೇ ವಾಕ್ಯ ಹೀಗಿದೆ: ‘ಆದಿಯಲ್ಲಿ ದೇವರು ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದನು.’ ದೇವ ಏಕವಚನ, ದೇವರು ಬಹುವಚನ. ಅರಸ, ಅರಸರು ಇದ್ದ ಹಾಗೆ. ಆದರೂ ಕ್ರಿಯಾಪದ ‘ಉಂಟುಮಾಡಿದನು’. ಇದು ಬೈಬಲ್ ಕನ್ನಡ ಮಾತ್ರ ಅಂದುಕೊಳ್ಳಬೇಡಿ. ಸಂಕಟ ಕಳೆದ ಮೇಲೆ ನಾವೆಲ್ಲ ‘ದೇವರು ದೊಡ್ಡವನು’ ಅನ್ನುತ್ತೇವೆ. ‘ದೇವರು ಕಣ್ಣು ಬಿಟ್ಟ’ ಅನ್ನುತ್ತೇವೆ. ಯಾವ ಜಾತಿ, ಯಾವ ಮತದವರಾದರೂ ಸರಿ, ‘ದೇವರು ದೊಡ್ಡವನು’ ಅಂದವರನ್ನು ‘ಎಷ್ಟು ಜನ ದೇವರು?’ ಎಂದು ಯಾರೂ ಕೇಳುವುದಿಲ್ಲ. ನಿಜವಾಗಿಯೂ ಹಲವರನ್ನು ಹೇಳಬೇಕಾದಾಗ ‘ದೇವರು’ ಸಾಲದೆ ‘ದೇವರುಗಳು’ ಎಂದು ಇನ್ನೊಂದು ಬಹುವಚನ ಹಚ್ಚುತ್ತೇವೆ. ಇತ್ತೀಚಿನ ಕೆಲವು ಅನುವಾದಗಳು ಗೌರವಕ್ಕಾಗಿ ‘ಸೃಷ್ಟಿಸಿದರು’ ಎಂದಿವೆ. ತಪ್ಪೇನಿಲ್ಲ. ಆದರೆ ಹೀಬ್ರೂವಿನ ನಡೆ ಹಳೆಯ ‘ದೇವರು ಉಂಟುಮಾಡಿದನು’ ಎಂಬುದರಲ್ಲಿ ಜಾಸ್ತಿ ಉಳಿದಿದೆ ಎಂದೇ ನನ್ನ ಅಭಿಪ್ರಾಯ.

ಹೀಬ್ರೂವಿನಲ್ಲಿ ಈ ರೂಢಿ ದೇವರೊಬ್ಬನಿಗೇ ಮೀಸಲಲ್ಲ. ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಅಧಿಕಾರಿಯಾಗಿದ್ದ ಯೋಸೇಫನ ಅಣ್ಣಂದಿರು ಅಲ್ಲಿಂದ ಧಾನ್ಯ ತಂದು ತಂದೆಗೆ ವರದಿ ಒಪ್ಪಿಸುವಾಗ ‘ಆ ದೇಶದ ಒಡೆಯನಾದ ಮನುಷ್ಯನು ನಮ್ಮ ಸಂಗಡ ಗಡುಸಾಗಿ ಮಾತಾಡಿದನು’ ಎನ್ನುತ್ತಾರೆ (ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡ, 42:30). ಮೂಲದಲ್ಲಿ ‘ಒಡೆಯ’ ಎಂಬ ಪದ ಬಹುವಚನದಲ್ಲಿದೆ, ‘ಮನುಷ್ಯ’ ಏಕವಚನದಲ್ಲಿದೆ. ಇರುವವನು ಯೋಸೇಫ ಒಬ್ಬನೇ, ಅಲ್ವಾ?

ಇನ್ನೂ ಗಟ್ಟಿಯಾದ ಸಾಕ್ಷಿ ಅರಸುಗಳ ಮೊದಲ ಪುಸ್ತಕದ 11ನೇ ಅಧ್ಯಾಯದ 33ನೇ ವಚನದಲ್ಲಿದೆ. ಅರಸ ಸೊಲೊಮೋನನ ಕಾಲದಲ್ಲಿ ಇಸ್ರಾಯೇಲಿನ ಜನ ಯಾರಿಗೆ ಅಡ್ಡಬಿದ್ದರು ಎಂಬ ಪಟ್ಟಿ ಅದು. ಚೀದೋನ್ಯರ ಎಲೋಹೀಮ್ ಆದ ಅಷ್ಟೋರೆತ್, ಮೋವಾಬ್ಯರ ಎಲೋಹೀಮ್ ಆದ ಕೆಮೋಷ್, ಅಮ್ಮೋನಿಯರ ಎಲೋಹೀಮ್ ಆದ ಮಿಲ್ಕೋಮ್. ಅಷ್ಟೋರೆತ್ ಒಬ್ಬ ದೇವಿ. ಒಬ್ಬಳೇ. ಬೈಬಲ್ಲಿನ ಹೀಬ್ರೂವಿನಲ್ಲಿ ‘ದೇವಿ’ಗೆ ಬೇರೆ ಪದವಿಲ್ಲದ್ದರಿಂದ ಅವಳಿಗೂ ಇದೇ ಪದ. ಎಲೋಹೀಮ್ ಎಂದ ಕೂಡಲೇ ಹಲವರು ಎಂದಾದರೆ ಅಷ್ಟೋರೆತಳನ್ನು ಎಷ್ಟು ಎಂದು ಎಣಿಸುವುದು? ಮೂವರು ಎಂದಾದರೆ ಕೆಮೋಷನಿಗೂ ತ್ರಿಯೇಕತ್ವ ಕೊಡಬೇಕಾಗುತ್ತದೆ. ನಮ್ಮ ಕಡೆಯಿಂದ ಉತ್ತರ ಬರೆದ ಬಂಧು ಇದನ್ನು ದಯವಿಟ್ಟು ಯೋಚಿಸಬೇಕು.

ಹಾಗಂತ ಆ ಪದ ಯಾವಾಗಲೂ ಒಬ್ಬನನ್ನೇ ಹೇಳುತ್ತದೆ ಎಂದೂ ನಾನು ಹೇಳಲಾರೆ. ಹತ್ತು ಆಜ್ಞೆಗಳಲ್ಲಿ ಬರುವ ‘ಎಲೋಹೀಮ್ ಅಹೇರೀಮ್’ ಎಂದರೆ ‘ಬೇರೆ ದೇವರುಗಳು’. ಅಲ್ಲಿ ಗುಣವಾಚಕವೂ ಬಹುವಚನದಲ್ಲಿದೆ. ಇಸ್ರಾಯೇಲರ ಮೂಲಪುರುಷ ಅಬ್ರಹಾಮನು ಅರಸ ಅಬೀಮೆಲೆಕನ ಮುಂದೆ ಮಾತಾಡುವಾಗ ಇಸ್ರಾಯೇಲಿನ ದೇವರಿಗೇ ಬಹುವಚನದ ಕ್ರಿಯಾಪದ ಬಳಸಿದ ಉದಾಹರಣೆಯೂ ಇದೆ (ಆದಿಕಾಂಡ 20:13). ಇಂಥವು ಕೆಲವೇ ಕೆಲವು. ಎಲೋಹೀಮ್ ಎಂಬ ಪದ ಹಳೆ ಒಡಂಬಡಿಕೆಯಲ್ಲಿ, ಅಂದರೆ ಬೈಬಲ್ಲಿನ ಹೀಬ್ರೂ ಭಾಗದಲ್ಲಿ, ಸುಮಾರು 2,600 ಸಲ ಬರುತ್ತದೆ. ಪ್ರತಿ ಸಲವೂ ಅಕ್ಕಪಕ್ಕದ ಪದಗಳನ್ನು ನೋಡಿಯೇ ಅರ್ಥ ಹೇಳಬೇಕು.

‘ನಮ್ಮ ಸ್ವರೂಪದಲ್ಲಿ ಮನುಷ್ಯರನ್ನು ಉಂಟುಮಾಡೋಣ’ ಎಂಬ ಮಾತಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಇದೆ, ಆದಿಕಾಂಡ 1:26. ಅದರ ಬಗ್ಗೆ ಯೆಹೂದ್ಯರೂ ಕ್ರೈಸ್ತರೂ ಶತಮಾನಗಳಿಂದ ಚರ್ಚಿಸುತ್ತಿದ್ದಾರೆ. ಆದರೆ ಮುಂದಿನ ವಚನದಲ್ಲೇ ಕ್ರಿಯಾಪದ ಮತ್ತೆ ಏಕವಚನಕ್ಕೆ ಬರುತ್ತದೆ. ತ್ರಿಯೇಕ ದೇವರಲ್ಲಿ ನಾನೂ ನಂಬಿಕೆ ಇಟ್ಟವಳು. ವಿಶ್ವಾಸಪ್ರಮಾಣವನ್ನು ಮನಸ್ಸಿಟ್ಟು ಹೇಳುವವಳು. ಆ ನಂಬಿಕೆಯ ಬೇರು ಇರುವುದು ಯೇಸುವಿನ ಮಾತಿನಲ್ಲಿ, ಬದುಕಿನಲ್ಲಿ, ಅಪೊಸ್ತಲರ, ಅಂದರೆ ಆತನು ಕಳುಹಿಸಿದ ಶಿಷ್ಯರ, ಸಾಕ್ಷಿಯಲ್ಲಿ. ಒಂದು ಬಹುವಚನ ಪ್ರತ್ಯಯದ ಮೇಲೆ ಅದನ್ನು ನಿಲ್ಲಿಸುವ ಅಗತ್ಯವೇ ಇಲ್ಲ.

ಲೇಖನದ ಎರಡನೇ ಮಾತು, ಎಲೋಹೀಮ್ ಮತ್ತು ಹಳೆ ಒಡಂಬಡಿಕೆಯಲ್ಲಿ ದೇವರ ಹೆಸರಾಗಿ ಬರುವ ಯೆಹೋವ ಬೇರೆ ಬೇರೆ ದೇವರುಗಳು ಎಂಬುದು. ಇದಕ್ಕೆ ಹಿನ್ನೆಲೆ ಇದೆ. 1753ರಲ್ಲಿ ಜಾನ್ ಆಸ್ಟ್ರುಕ್ ಎಂಬ ಫ್ರೆಂಚ್ ವೈದ್ಯರು ಆದಿಕಾಂಡದ ಕೆಲವು ಭಾಗಗಳಲ್ಲಿ ಎಲೋಹೀಮ್, ಕೆಲವು ಭಾಗಗಳಲ್ಲಿ ಯೆಹೋವ ಎಂದಿರುವುದನ್ನು ಗುರುತಿಸಿ, ಎರಡು ಹಳೆಯ ಬರಹಗಳನ್ನು ಸೇರಿಸಿ ಈ ಪುಸ್ತಕ ಮಾಡಿರಬೇಕು ಎಂದರು. ವಿದ್ವಾಂಸರು ಇವತ್ತಿಗೂ ಆ ದಾರಿಯಲ್ಲಿ ಕೆಲಸ ಮಾಡುತ್ತಿದ್ದಾರೆ. ಆದರೆ ಬರಹ ಎರಡು ಎಂದರೆ ದೇವರು ಇಬ್ಬರು ಎಂದಾಗುವುದಿಲ್ಲ. ಕರ್ಮೆಲ್ ಬೆಟ್ಟದ ಮೇಲೆ ಪ್ರವಾದಿ ಎಲೀಯನು ಬಾಳನೆಂಬ ಬೇರೆ ದೇವರ ಪ್ರವಾದಿಗಳ ಎದುರು ನಿಂತು ಗೆದ್ದಾಗ ಜನ ಕೂಗಿದ್ದೇನು? ‘ಯೆಹೋವನೇ ದೇವರು.’ ಆ ಕೂಗಿನಲ್ಲಿ ಎರಡೂ ಪದಗಳಿವೆ, ನಡುವೆ ‘ಹೂ’, ಅಂದರೆ ‘ಆತನು’ ಎಂಬ ಏಕವಚನವೂ ಇದೆ. ಎಲೀಯ ಎಂಬ ಹೆಸರಿನ ಅರ್ಥವೇ ‘ಯಾಹುವೇ ನನ್ನ ದೇವರು’. ಯಾಹು ಎಂದರೆ ಯೆಹೋವ ಎಂಬುದರ ಚಿಕ್ಕ ರೂಪ.

ಇನ್ನು ‘ಯೆಹೋವ’ ಎಂಬುದು ಮೂಲ ಉಚ್ಚಾರ ಎಂದು ಲೇಖಕರು ಬರೆದಿದ್ದಾರೆ. ತಂದೆಯ ಬೈಬಲ್ ಬಿಡಿಸಿದರೆ ವಿಷಯ ಕಣ್ಣಿಗೇ ಕಾಣುತ್ತದೆ. ಬಲದಿಂದ ಎಡಕ್ಕೆ ನಾಲ್ಕು ಅಕ್ಷರ: ಯೋದ್, ಹೇ, ವಾವ್, ಹೇ. ಅವುಗಳ ಅಡಿಯಲ್ಲೂ ಮೇಲೂ ಇರುವೆ ಹೆಜ್ಜೆಯಂಥ ಚುಕ್ಕೆ, ಗೀಟುಗಳು. ಪ್ರಾಚೀನ ಹೀಬ್ರೂ ಬರಹದಲ್ಲಿ ಹೆಚ್ಚಾಗಿ ವ್ಯಂಜನಗಳನ್ನಷ್ಟೇ ಬರೆಯುತ್ತಿದ್ದರು, ನಮ್ಮ ಹಾಗೆ ಕಾಗುಣಿತ ಇರಲಿಲ್ಲ. ಆ ಹೆಸರಿನ ಮೇಲಿನ ಭಯಭಕ್ತಿಯಿಂದ ಯೆಹೂದ್ಯರು ಅದನ್ನು ಬಾಯಲ್ಲಿ ಉಚ್ಚರಿಸುವುದನ್ನೇ ಬಿಟ್ಟರು. ಆ ನಾಲ್ಕು ಅಕ್ಷರ ಕಂಡಲ್ಲಿ ‘ಅದೋನಾಯ್’, ಅಂದರೆ ‘ನನ್ನ ಒಡೆಯನೇ’ ಎಂದು ಓದಿದರು. ಮುಂದೆ ಕ್ರಿ.ಶ. 7ರಿಂದ 10ನೇ ಶತಮಾನದ ಹೊತ್ತಿಗೆ ಮಸೋರೆಟರು ಎಂಬ ಪಂಡಿತರು ಪಠ್ಯಕ್ಕೆಲ್ಲ ಸ್ವರಚಿಹ್ನೆ ಹಾಕಿದರು. ಈ ಹೆಸರಿಗೆ ಹಾಕಿದ್ದು ಅದೋನಾಯ್ ಪದದ ಸ್ವರಗಳನ್ನು, ಓದುವವರಿಗೆ ನೆನಪಿರಲಿ ಎಂದು. ನಂತರದ ಯುರೋಪಿನ ಕ್ರೈಸ್ತರು ಒಂದರ ವ್ಯಂಜನವನ್ನೂ ಇನ್ನೊಂದರ ಸ್ವರವನ್ನೂ ಕೂಡಿಸಿ ಓದಿದಾಗ ಹುಟ್ಟಿದ ರೂಪ ‘ಯೆಹೋವ’. 1530ರಲ್ಲಿ ಟಿಂಡೇಲ್ ತಮ್ಮ ಇಂಗ್ಲಿಷ್ ಅನುವಾದದಲ್ಲಿ ಅದನ್ನು ಬಳಸಿದರು. ಮೂಲ ಉಚ್ಚಾರ ‘ಯಾಹ್ವೆ’ಗೆ ಹತ್ತಿರ ಇದ್ದಿರಬೇಕು ಎಂಬುದು ಇಂದಿನ ಹೆಚ್ಚಿನ ವಿದ್ವಾಂಸರ ಮಾತು. ‘ಹಲ್ಲೆಲೂಯಾ’ ಎನ್ನುವಾಗ ಕೊನೆಯಲ್ಲಿ ಬರುವ ‘ಯಾ’ ಆ ಹೆಸರಿನ ಚಿಕ್ಕ ರೂಪವೇ.

ಹಾಗಾದರೆ ಕನ್ನಡ ಸತ್ಯವೇದದಿಂದ ಯೆಹೋವ ಎಂಬುದನ್ನು ತೆಗೆಯಬೇಕೇ? ಬೇಡ ಎನ್ನುತ್ತೇನೆ. ‘ಯೆಹೋವನು ನನಗೆ ಕುರುಬನು’ ಎಂಬ ಮಾತನ್ನು ಹೇಳಿಕೊಂಡೇ ನಮ್ಮ ಹಿರಿಯರು ಕಷ್ಟ ದಾಟಿದ್ದಾರೆ. ಕಥೋಲಿಕ ಬಂಧುಗಳ ಬೈಬಲ್ಲಿನಲ್ಲಿ ಹೆಚ್ಚಿನ ಕಡೆ ‘ಸರ್ವೇಶ್ವರ’ ಎಂದಿದೆ. ಆರಾಧನೆಯಲ್ಲಿ ಯಾಹ್ವೆ ಎಂಬ ಹೆಸರನ್ನು ಉಚ್ಚರಿಸಬಾರದು, ಹಾಡಬಾರದು ಎಂದು 2008ರಲ್ಲಿ ವ್ಯಾಟಿಕನ್ ತನ್ನ ಬಿಷಪರಿಗೆ ಪತ್ರ ಬರೆಯಿತು. ಯೆಹೂದ್ಯರ ಆ ಹಳೆಯ ಮರ್ಯಾದೆಯನ್ನು ಅವರು ಹಾಗೆ ಉಳಿಸಿಕೊಂಡಿದ್ದಾರೆ. ಅದೋನಾಯ್, ಯೆಹೋವ, ಸರ್ವೇಶ್ವರ, ಮೂರೂ ರೂಪಗಳು ಗೌರವದಿಂದಲೇ ಬಂದವು.

ಆ ಹೆಸರಿನ ಅರ್ಥ ಏನು? ಉರಿಯುವ ಪೊದೆಯ ಮುಂದೆ ಮೋಶೆ ಕೇಳಿದ್ದೂ ಅದನ್ನೇ. ‘ಎಹ್ಯೆ ಅಶೆರ್ ಎಹ್ಯೆ’ ಎಂಬ ಉತ್ತರ ಬಂತು. ನಮ್ಮ ಸತ್ಯವೇದ ‘ಇರುವಾತ’ ಎಂಬ ಪದ ಬಳಸುತ್ತದೆ. ಇದರ ಮೇಲೆ ದೊಡ್ಡ ದೊಡ್ಡ ತತ್ವಶಾಸ್ತ್ರ ಕಟ್ಟಿದ್ದಾರೆ. ನಾನು ಅದಕ್ಕಿಂತ ಎರಡು ವಚನ ಹಿಂದೆ ನೋಡಿ ಎನ್ನುತ್ತೇನೆ. ‘ಫರೋಹನ ಹತ್ತಿರ ಹೋಗಲು ನಾನೆಷ್ಟರವನು?’ ಎಂದು ಮೋಶೆ ಹಿಂಜರಿದಾಗ ದೇವರು ‘ನಾನೇ ನಿನ್ನ ಸಂಗಡ ಇರುವೆನು’ ಎನ್ನುತ್ತಾನೆ. ಅಲ್ಲಿರುವುದೂ ಅದೇ ‘ಎಹ್ಯೆ’. ಹೆದರಿದ ಮನುಷ್ಯನ ಜೊತೆ ಇರುತ್ತೇನೆ ಎಂದ ಮಾತಿನಿಂದ ಆ ಹೆಸರನ್ನು ಬೇರೆ ಮಾಡಿ ಓದಬಾರದು.

ಲೇಖನದಲ್ಲಿ ಒಂದು ಹೆಸರು ಬರಲೇ ಇಲ್ಲ. ನನಗೆ ಎಲ್ಲಕ್ಕಿಂತ ಹತ್ತಿರವಾದ ಹೆಸರು ಅದು. ಮುಂದೆ ಅಬ್ರಹಾಮ ಎನಿಸಿಕೊಂಡ ಅಬ್ರಾಮನ ಮನೆಯಲ್ಲಿ ಹಾಗರಳೆಂಬ ಐಗುಪ್ತದ ದಾಸಿ ಇದ್ದಳು. ಒಡತಿ ಸಾರಯಳಿಗೆ ಮಕ್ಕಳಾಗದೆ ಇವಳನ್ನು ಗಂಡನಿಗೆ ಕೊಟ್ಟಳು. ಇವಳು ಬಸುರಾದ ಮೇಲೆ ಒಡತಿ ಇವಳನ್ನೇ ಬಾಧಿಸಿದಳು. ಹಾಗರಳು ಮರುಭೂಮಿಗೆ ಓಡಿಹೋದಳು. ಆದಿಕಾಂಡದ 16ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಅಬ್ರಾಮನ ಬಾಯಲ್ಲಾಗಲಿ ಸಾರಯಳ ಬಾಯಲ್ಲಾಗಲಿ ಇವಳ ಹೆಸರು ಒಮ್ಮೆಯೂ ಬರುವುದಿಲ್ಲ. ‘ನನ್ನ ದಾಸಿ’, ‘ನಿನ್ನ ದಾಸಿ’, ಅಷ್ಟೇ. ಒರತೆಯ ಬಳಿ ಬಂದ ದೇವದೂತನು ಮೊದಲು ‘ಹಾಗರಳೇ’ ಎಂದು ಕರೆಯುತ್ತಾನೆ. ಎಲ್ಲಿಂದ ಬಂದಿ, ಎಲ್ಲಿಗೆ ಹೋಗುತ್ತೀ ಎಂದು ಕೇಳುತ್ತಾನೆ. ಆಗ ಅವಳು ತನ್ನೊಂದಿಗೆ ಮಾತಾಡಿದ ದೇವರಿಗೆ ತಾನೇ ಒಂದು ಹೆಸರಿಡುತ್ತಾಳೆ: ‘ಎಲ್ ರೊಈ’. ನನ್ನನ್ನು ನೋಡುವ ದೇವರು. ಬೈಬಲ್ಲಿನಲ್ಲಿ ದೇವರಿಗೆ ಹೆಸರಿಟ್ಟ ಮೊದಲ ವ್ಯಕ್ತಿ ಇವಳು. ಹೆಂಗಸು, ಪರದೇಶಿ, ದಾಸಿ. ಅಬ್ರಹಾಮನಿಗೂ ಸಿಗದ ಭಾಗ್ಯ ಇದು. ಆ ಒರತೆಗೂ ಇದೇ ಮಾತಿನಿಂದ ಹೆಸರು ಬಂತು. ಮುಂದೆ ಅಬ್ರಹಾಮನ ಮಗ ಇಸಾಕನು ವಾಸ ಮಾಡಿದ್ದೂ ಅದರ ಹತ್ತಿರವೇ.

‘ಎಲ್ ಶದ್ದಾಯ್’ ಎಂಬುದನ್ನು ನಾವು ಸರ್ವಶಕ್ತ ಎಂದು ಓದುತ್ತೇವೆ. ಅದರ ಮೂಲ ಬೆಟ್ಟ ಎಂದು ಕೆಲವರು, ಎದೆಹಾಲಿಗೆ ಸಂಬಂಧಿಸಿದ್ದು ಎಂದು ಕೆಲವರು ಹೇಳುತ್ತಾರೆ. ಚರ್ಚೆ ಮುಗಿದಿಲ್ಲ. ಆದರೆ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಮಣ್ಣು ಮಾಡಿ ಊರಿಗೆ ಮರಳಿದ ನೊವೊಮಿ ‘ಶದ್ದಾಯ್ ನನ್ನ ಬಾಳನ್ನು ಬಹಳ ಕಹಿ ಮಾಡಿದನು’ ಎಂದು ಬೇತ್ಲೆಹೇಮಿನ ಹೆಂಗಸರ ಮುಂದೆ ಹೇಳುವಾಗ ಅದೇ ಹೆಸರು ದೂರಿನ ದನಿಯಲ್ಲಿ ಬರುತ್ತದೆ. ಶಬ್ದಕೋಶದಲ್ಲಿ ಆ ದನಿ ಸಿಗುವುದಿಲ್ಲ.

ಹೊಸ ಒಡಂಬಡಿಕೆಯಲ್ಲೂ ‘ಯೆಹೋವ’ ನೂರಾರು ಸಲ ಇದೆ ಎಂದು ಲೇಖಕರು ಬರೆದದ್ದು ಸರಿಯಲ್ಲ. ಅದು ಗ್ರೀಕ್ ಭಾಷೆಯಲ್ಲಿ ಬರೆದ ಪುಸ್ತಕ. ನಮಗೆ ಉಳಿದುಬಂದಿರುವ ಗ್ರೀಕ್ ಹಸ್ತಪ್ರತಿಗಳಲ್ಲಿ ಆ ಜಾಗದಲ್ಲಿ ‘ಕೂರಿಯೊಸ್’, ಅಂದರೆ ಕರ್ತನು ಎಂದಿದೆ. ಆದರೂ ಕೆಲವು ಹೀಬ್ರೂ ಪದಗಳು ಹಾಗೇ ಉಳಿದವು. ಅವುಗಳಲ್ಲಿ ‘ಸಬಾಓತ್’ ಒಂದು, ನಮ್ಮಲ್ಲಿ ಸೇನಾಧೀಶ್ವರ. ಎಲ್ಲಿ ಬರುತ್ತದೆ ಗೊತ್ತೇ? ಯಾಕೋಬನ ಪತ್ರದ 5ನೇ ಅಧ್ಯಾಯದಲ್ಲಿ. ಹೊಲ ಕೊಯ್ದವರ ಕೂಲಿಯನ್ನು ಹಿಡಿದಿಟ್ಟುಕೊಂಡ ಐಶ್ವರ್ಯವಂತರನ್ನು ಯಾಕೋಬನು ಬೈಯುತ್ತಾನೆ. ಆ ಕೊಯ್ಲುಗಾರರ ಕೂಗು ಸಬಾಓತನ ಕಿವಿಗೆ ಬಿದ್ದಿದೆ ಎನ್ನುತ್ತಾನೆ. ಸೈನ್ಯಗಳ ಒಡೆಯ ಕೂಲಿಯವರ ದೂರು ಕೇಳುತ್ತಾನೆ.

ಆ ನಾಲ್ಕಕ್ಷರದ ಹೆಸರನ್ನು ಜನ ಎಷ್ಟು ಹತ್ತಿರ ಇಟ್ಟುಕೊಂಡಿದ್ದರು ಎಂಬುದಕ್ಕೆ ಒಂದು ವಿಷಯ ಹೇಳಬೇಕು. 1979ರಲ್ಲಿ ಯೆರೂಸಲೇಮಿನ ಕೆತೆಫ್ ಹಿನ್ನೋಮ್ ಎಂಬ ಕಡೆ ಗೇಬ್ರಿಯಲ್ ಬಾರ್ಕೈ ಅವರ ತಂಡ ಹಳೆಯ ಸಮಾಧಿಯಲ್ಲಿ ಬೆಳ್ಳಿಯ ಎರಡು ಪುಟ್ಟ ಸುರುಳಿಗಳನ್ನು ಕಂಡಿತು. ತಾಯಿತದಂತೆ ಕಟ್ಟಿಕೊಳ್ಳುತ್ತಿದ್ದಿರಬೇಕು. ಬಿಡಿಸಿದಾಗ ದೊಡ್ಡದರ ಉದ್ದವೇ 10 ಸೆಂಟಿಮೀಟರಿಗಿಂತ ಕಡಿಮೆ. ಸುಮಾರು 2,600 ವರ್ಷ ಹಳೆಯವು. ಅದರ ಮೇಲೆ ಸೂಜಿಯಂಥ ಮೊನೆಯಿಂದ ಗೀಚಿದ ಅಕ್ಷರಗಳಲ್ಲಿ ಆ ಹೆಸರೂ ಇದೆ, ಅರಣ್ಯಕಾಂಡದ 6ನೇ ಅಧ್ಯಾಯದ ಆಶೀರ್ವಾದದ ಮಾತುಗಳೂ ಇವೆ. ಆರಾಧನೆಯ ಕೊನೆಗೆ ಸಭಾಪಾಲಕರು ಕೈ ಎತ್ತಿ ‘ಯೆಹೋವನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ’ ಎನ್ನುತ್ತಾರಲ್ಲ, ಅದೇ ಆಶೀರ್ವಾದ.

ಸಂಪಾದಕರೇ, ಇಂಥ ಲೇಖನಗಳು ಬರಲಿ. ಬೇರೆ ಧರ್ಮದವರು ನಮ್ಮ ಗ್ರಂಥ ಓದಿ ಬರೆದರೆ ನನಗೆ ಸಂತೋಷವೇ. ನನ್ನ ಕೋರಿಕೆ ಇಷ್ಟು. ಹೀಬ್ರೂ ಪದದ ಅರ್ಥ ಹೇಳುವಾಗ ಅದು ಬರುವ ವಾಕ್ಯವನ್ನು ಪೂರ್ತಿಯಾಗಿ, ಅಧ್ಯಾಯ ಮತ್ತು ವಚನದ ಸಂಖ್ಯೆಯೊಂದಿಗೆ ಅಚ್ಚುಮಾಡಿ. ಮೊದಲ ಲೇಖನದ ‘ದೇವತೆಗಳು ಸೃಷ್ಟಿಸಿದರು’ ಎಂಬ ಸಾಲಿಗೂ ಹೊಸ ಒಡಂಬಡಿಕೆಯ ಬಗೆಗಿನ ಸಾಲಿಗೂ ಮುಂದಿನ ಪುರವಣಿಯಲ್ಲಿ ತಿದ್ದುಪಡಿ ಹಾಕಿ. ಆ ಪುಟವನ್ನು ಫೋನಿನಲ್ಲಿ ಫೋಟೋ ತೆಗೆದು ನಮ್ಮ ಭಾನುವಾರದ ಶಾಲೆಯ ಮಕ್ಕಳು ನನ್ನನ್ನು ಕೇಳಿದ್ದಾರೆ. ಅವರಿಗೆ ತಿದ್ದುಪಡಿಯನ್ನೂ ತೋರಿಸಬೇಕು.

ಇತಿ,
ನಿವೃತ್ತ ಕನ್ನಡ ಶಿಕ್ಷಕಿ,
ಬೆಟಗೇರಿ, ಗದಗ