ಗೆರೆ ಎಳೆದವಳು ನಾನು, ಜಾಗ ತೋರಿಸಿದವರು ನೀವು

ಮೊನ್ನೆ ವೈವಾ ಮುಗಿಯಿತು. ಪಾಸಾದೆ. ನಗರ ಯೋಜನೆಯಲ್ಲಿ ಮಾಸ್ಟರ್ಸ್ ಅಂತ ಇನ್ನು ಹೇಳಿಕೊಳ್ಳಬಹುದು.

ಪ್ರಬಂಧದ ಮೊದಲಲ್ಲಿ ಕೃತಜ್ಞತೆಗೆ ಒಂದು ಪುಟ ಇರುತ್ತದಲ್ಲ, ಅದನ್ನೂ ಬರೆದಿದ್ದೇನೆ. ಕಾಲೇಜು, ವಿಭಾಗ, ಗೈಡು, ಅಪ್ಪ, ಅಮ್ಮ ಎಲ್ಲರೂ ಅಲ್ಲಿದ್ದಾರೆ. ಆದರೆ ಅದು ಇಂಗ್ಲಿಷಿನಲ್ಲಿದೆ, ಲೈಬ್ರರಿಯ ಬೀರುವಿನಲ್ಲಿದೆ. ಬಿಡದಿ ಸುತ್ತಮುತ್ತಲಿನ ಹಳ್ಳಿಗಳವರು ಅದನ್ನು ಹುಡುಕಿಕೊಂಡು ಹೋಗಿ ಓದುವುದಿಲ್ಲ. ಇದಾದರೆ ಅವರ ಮಕ್ಕಳ ಫೋನಿಗೆ ಹೇಗೋ ತಲುಪುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ವಿಷಯ ಬಿಡದಿ ಟೌನ್‌ಶಿಪ್. ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. 2006ರಲ್ಲಿ ಬೆಂಗಳೂರಿನ ಸುತ್ತ ಐದು ಉಪನಗರ ಕಟ್ಟಬೇಕು ಅಂತ ಸರ್ಕಾರ ಹೊರಟಿತ್ತು. ಬಿಡದಿ, ರಾಮನಗರ, ಸಾತನೂರು, ಸೋಲೂರು, ನಂದಗುಡಿ. ಬಿಡದಿಯದನ್ನು ಕಟ್ಟಲು ಮುಂದೆ ಬಂದಿದ್ದ ದೊಡ್ಡ ಕಂಪನಿ ಆಮೇಲೆ ಕೈಬಿಟ್ಟಿತು. ಯೋಜನೆ ಕಡತದಲ್ಲಿ ಉಳಿಯಿತು. ಈಗ ಅದೇ ಜಾಗಕ್ಕೆ ಮತ್ತೆ ಜೀವ ಬಂದಿದೆ. ಬೈರಮಂಗಲ ಮತ್ತು ಕಂಚುಗಾರನಹಳ್ಳಿ ಪಂಚಾಯಿತಿಗಳ ಒಂಬತ್ತು ಹಳ್ಳಿ, 7,481 ಎಕರೆ, 2025ರ ಮಾರ್ಚ್‌ನಲ್ಲಿ ಪ್ರಾಥಮಿಕ ಅಧಿಸೂಚನೆ. ಹೆಸರು ಗ್ರೇಟರ್ ಬೆಂಗಳೂರು ಇಂಟಿಗ್ರೇಟೆಡ್ ಟೌನ್‌ಶಿಪ್. ಎಐ ಸಿಟಿ, ಸ್ಮಾರ್ಟ್ ಸಿಟಿ ಅಂತಲೂ ಕರೆಯುತ್ತಾರೆ. ಊರಿನವರು ಮಾತ್ರ ಇವತ್ತಿಗೂ "ರೆಡ್ ಝೋನ್" ಅಂತಲೇ ಅನ್ನುತ್ತಾರೆ, ಯೋಜನೆಗೆ ಗುರುತು ಹಾಕಿಟ್ಟ ಜಾಗ ಅಂತ.

ಊರು ಬರಬೇಕೋ ಬೇಡವೋ ಅಂತ ನನ್ನ ಪ್ರಬಂಧ ಕೇಳಲಿಲ್ಲ. ಬಂದರೆ ನೀರು ಎಲ್ಲಿ ಹರಿಯಬೇಕು, ಎಲ್ಲಿ ನಿಲ್ಲಬೇಕು, ಎಲ್ಲಿ ಶುದ್ಧವಾಗಬೇಕು ಅನ್ನುವುದಷ್ಟೇ ನನ್ನ ಪ್ರಶ್ನೆ. ಯಾಕೆಂದರೆ ಆ ಜಾಗದ ನಡುವೆ ಬೈರಮಂಗಲ ಕೆರೆ ಇದೆ. 1940ರ ದಶಕದಲ್ಲಿ ನೀರಾವರಿಗೆಂದು ವೃಷಭಾವತಿಗೆ ಅಡ್ಡ ಕಟ್ಟಿದ್ದು. ಆಗ ಹೊಳೆ ಹೊಳೆಯಾಗಿತ್ತು. ಈಗ ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆಯೆಲ್ಲ ಅದರಲ್ಲೇ ಬರುತ್ತದೆ. ಮೋರಿ ದಾಟುವಾಗ ನೊರೆ ಕಾಣುತ್ತದೆ, ಅದಕ್ಕೂ ಮೊದಲೇ ವಾಸನೆ ಬರುತ್ತದೆ. ಆ ನೀರು ಮುಂದೆ ಸುವರ್ಣಮುಖಿ, ಅರ್ಕಾವತಿ ಸೇರಿ ಸಂಗಮದ ಹತ್ತಿರ ಕಾವೇರಿಗೆ ಹೋಗುತ್ತದೆ. ಇಂಥ ನೀರಿನ ದಡದಲ್ಲಿ ಹೊಸ ಊರು ಕಟ್ಟುವುದಾದರೆ ರಸ್ತೆಗಿಂತ ಮೊದಲು ಹಳ್ಳ ಬರೆಯಬೇಕು ಅಲ್ವಾ?

ಕೈಯಲ್ಲಿ ನಕ್ಷೆ ಹಿಡಿದ ಹುಡುಗಿಯನ್ನು ಆ ಊರುಗಳಲ್ಲಿ ಯಾರು ನಂಬುತ್ತಾರೆ? ಮೊದಮೊದಲು ಎಲ್ಲರೂ ಕೇಳಿದ್ದು ಒಂದೇ. "ಎಕ್ರೆಗೆ ಎಷ್ಟ್ ಕೊಡ್ತಾರವ್ವ?" ನಾನು ಟೌನ್‌ಶಿಪ್ ಮಾಡುವ ಪ್ರಾಧಿಕಾರದವಳಲ್ಲ, ಓದುವ ಹುಡುಗಿ ಅಂದರೆ, "ಹಂಗೇ ಹೇಳ್ಕಂಡ್ ಬರ್ತಾರೆ" ಅನ್ನುತ್ತಿದ್ದರು. ತಪ್ಪೇನಿಲ್ಲ. ಇಪ್ಪತ್ತು ವರ್ಷದಿಂದ ಯಾರ್ಯಾರೋ ಬಂದು ಅಳೆದುಕೊಂಡು ಹೋಗಿದ್ದಾರೆ.

ಅದಕ್ಕೆ ಮೊದಲ ಥ್ಯಾಂಕ್ಸ್ ಹಾಲಿನ ಡೈರಿಯ ಕಾರ್ಯದರ್ಶಿ ಅಣ್ಣನಿಗೆ. ಬೆಳಿಗ್ಗೆ ಸಂಜೆ ಹಾಲು ಹಾಕಲು ಇಡೀ ಊರು ಅಲ್ಲಿಗೆ ಬರುತ್ತದೆ. ಪಂಚಾಯಿತಿ ಕಚೇರಿಯಲ್ಲಿ ಸಿಗದ ಜನ ಅಲ್ಲಿ ಸಾಲಾಗಿ ನಿಂತಿರುತ್ತಾರೆ. ಅಣ್ಣ ನನಗೊಂದು ಸ್ಟೂಲು ಹಾಕಿಸಿದರು. ಫ್ಯಾಟ್ ನೋಡುತ್ತಾ, ಚೀಟಿ ಕೊಡುತ್ತಾ, "ಈಯಮ್ಮ ಕೆರೆ ಬಗ್ಗೆ ಬರೀತದೆ, ರೇಟ್ ಕೇಳ್ಬೇಡಿ" ಅಂತ ಪ್ರತಿಯೊಬ್ಬರಿಗೂ ಹೇಳಿದರು. ಅಷ್ಟೇ ಸಾಕಾಯಿತು. ಭೂಮಿ ಕೊಡುವುದಿಲ್ಲ ಅಂತ ಧರಣಿಯಲ್ಲಿ ಕೂತು ಬಂದವರೂ ಮಾತಾಡಿದರು, ಭೂಮಿ ಕೊಡಲು ಸಿದ್ಧ ಇರುವವರೂ ಮಾತಾಡಿದರು. ಒಂದೇ ಗೋಡೆಯ ಈಚೆ ಆಚೆ ಇರುವ ಅಣ್ಣತಮ್ಮಂದಿರು ಬೇರೆ ಬೇರೆ ಕಡೆ ನಿಂತಿದ್ದಾರೆ. ಮಗಳ ಮದುವೆಗೆ ಮಾರೋಣ ಅಂದರೆ ರೆಡ್ ಝೋನ್ ಅಂತ ಕೊಳ್ಳುವವರಿಲ್ಲ, ಸಾಕಾಗಿದೆ ಅನ್ನುತ್ತಾನೆ ಒಬ್ಬ. ತೋಟ ಬಿಟ್ಟು ಎಲ್ಲಿಗೆ ಹೋಗಲಿ ಅನ್ನುತ್ತಾನೆ ಇನ್ನೊಬ್ಬ. ಇಬ್ಬರ ಮನೆಯಲ್ಲೂ ನನಗೆ ಕಾಫಿ ಸಿಕ್ಕಿದೆ. ಯಾರು ಸರಿ ಅಂತ ನನ್ನನ್ನು ಕೇಳಬೇಡಿ.

ಇನ್ನು ಸರ್ವೆ ಮೇಷ್ಟ್ರು. ನಿವೃತ್ತರಾಗಿ ಎಷ್ಟೋ ವರ್ಷವಾದ ಭೂಮಾಪಕರು. ಇವರು ಸಿಕ್ಕ ಕಥೆ ಹೇಳಲೇಬೇಕು. ಹಳೆಯ ಗ್ರಾಮನಕ್ಷೆಗಳಿಗೆ ಅರ್ಜಿ ಹಾಕಿದ್ದೆ. ಒಂದು ಕಚೇರಿಯಲ್ಲಿ ನಾಳೆ ಬನ್ನಿ, ಸೋಮವಾರ ಬನ್ನಿ, ಸಾಹೇಬರು ಮೀಟಿಂಗಲ್ಲಿದ್ದಾರೆ ಅಂತ ಅಲೆಸಿದರು. ಹೊರಗೆ ಟೀ ಅಂಗಡಿಯಲ್ಲಿ ಇವರು ಜನರಿಗೆ ಅರ್ಜಿ ಬರೆದುಕೊಡುತ್ತಾ ಕೂತಿದ್ದರು. ನನ್ನ ಮುಖ ನೋಡಿ, "ಯಾವ ಊರಿನ ನಕ್ಷೆ ಬೇಕು ಮಗಾ?" ಅಂದರು. ಯಾವ ಅರ್ಜಿಯಲ್ಲಿ ಯಾವ ಶಬ್ದ ಬರೆದರೆ ಯಾವ ಕಾಗದ ಹೊರಗೆ ಬರುತ್ತದೆ ಅಂತ ಅವರಿಗೆ ಗೊತ್ತಿತ್ತು. ನಕ್ಷೆ ಬಂತು.

ಬಂದ ಮೇಲೆ ಓದಲು ಬರಬೇಕಲ್ಲ! ಕಾಲೇಜಿನಲ್ಲಿ ನಮಗೆ ಉಪಗ್ರಹ ಚಿತ್ರ, ಜಿಐಎಸ್ ಸಾಫ್ಟ್‌ವೇರ್ ಎಲ್ಲ ಕಲಿಸಿದ್ದರು. ಜಮೀನಿನ ಅಳತೆ ಬರೆದಿಟ್ಟ ಹಳೆಯ ಸರ್ವೆ ಟಿಪ್ಪಣಿ ಪುಸ್ತಕ ಹೇಗಿರುತ್ತದೆ ಅಂತ ತೋರಿಸಿರಲಿಲ್ಲ. ಮೇಷ್ಟ್ರು ಟೀ ಅಂಗಡಿಯ ಬೆಂಚಿನ ಮೇಲೆ ಪಾಠ ಮಾಡಿದರು. ಒಂದು ಸರಪಳಿಗೆ 33 ಅಡಿ. ಸರಪಳಿಗೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ, ನಲವತ್ತು ಗುಂಟೆಗೆ ಎಕರೆ. ಟಿಪ್ಪಣಿಯ ಅಳತೆಯೆಲ್ಲ ಈ ಸರಪಳಿ ಆಣೆಯಲ್ಲೇ ಇರುತ್ತದೆ. ಆಕಾರ್‌ಬಂದ್ ಅಂತ ಸರ್ವೆ ನಂಬರುವಾರು ದಾಖಲೆ ಇದೆ, ಅದನ್ನು ನೋಡಿದರೆ ವಿಸ್ತೀರ್ಣ ತಿಳಿಯುತ್ತದೆ, ಅದರಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಎಷ್ಟು ಅಂತಲೂ ತಿಳಿಯುತ್ತದೆ. ಬಿ ಖರಾಬು ಅಂದರೆ ದಾರಿ, ಹಳ್ಳ, ಕಟ್ಟೆ, ಸ್ಮಶಾನ, ಅಂದರೆ ಎಲ್ಲರದ್ದು. ಪಹಣಿಯಲ್ಲಿ ಅದು ಒಂದು ಸಣ್ಣ ಅಂಕಿ. ಜಮೀನಿನಲ್ಲಿ ಉತ್ತು ಬಿತ್ತಿರುತ್ತಾರೆ. ಹಾಗಿದ್ದರೆ ಹಳ್ಳ ಎಲ್ಲಿತ್ತು ಅಂತ ಪತ್ತೆ ಮಾಡುವುದು ಹೇಗೆ? ಮೇಷ್ಟ್ರು ನಕ್ಷೆಯ ಮೇಲೆ ಬೆರಳಿಟ್ಟು ಹೇಳಿದರು, "ಗಡಿ ನೆಟ್ಟಗಿದ್ರೆ ಮನುಷ್ಯ ಹಾಕಿದ್ದು. ಸೊಟ್ಟಗಿದ್ರೆ ನೀರು ಹಾಕಿದ್ದು." ಸೊಟ್ಟ ಗಡಿಗಳನ್ನೆಲ್ಲ ನೀಲಿ ಪೆನ್ಸಿಲ್ಲಿನಲ್ಲಿ ಸೇರಿಸುತ್ತಾ ಹೋದೆ. ಕೆರೆಗೆ ಬಂದು ಸೇರುವ ಹಳ್ಳಗಳ ಜಾಲ ಒಂದೊಂದಾಗಿ ಎದ್ದು ಬಂತು. ಅದರಲ್ಲಿ ಎಷ್ಟೋ ಗೆರೆಗಳು ಉಪಗ್ರಹ ಚಿತ್ರದಲ್ಲಿ ಇರಲೇ ಇಲ್ಲ.

ಮೇಷ್ಟ್ರೇ, ನೀವು ಫೀಸು ತೆಗೆದುಕೊಳ್ಳಲಿಲ್ಲ. ಟೀ ದುಡ್ಡು ಕೊಡಲೂ ಬಿಡಲಿಲ್ಲ. ನನ್ನ ಪ್ರಬಂಧದ ಮೂರನೇ ಅಧ್ಯಾಯ ಪೂರ್ತಿ ನಿಮ್ಮದು.

ಆ ನೀಲಿ ಗೆರೆಗಳು ನಿಜವೋ ಸುಮ್ನೆ ಕಾಗದದ್ದೋ ಅಂತ ನಡೆದು ನೋಡಬೇಕಿತ್ತು. ಕುರಿ ಮೇಯಿಸುವ ಅಜ್ಜ ನನ್ನ ಜೊತೆ ಬಂದರು. ಬಂದರು ಅನ್ನುವುದಕ್ಕಿಂತ ಅವರ ಕುರಿಗಳ ಹಿಂದೆ ನಾನು ಹೋದೆ. 2022ರ ಮಳೆಯಲ್ಲಿ ನೀರು ಯಾವ ಬೇಲಿಯವರೆಗೆ ಬಂದಿತ್ತು, ಯಾವ ಕಟ್ಟೆ ಒಡೆದಿತ್ತು, ಎಲ್ಲಿ ಬೈಕು ಕೊಚ್ಚಿಕೊಂಡು ಹೋಗಿತ್ತು, ಎಲ್ಲವನ್ನೂ ಕೋಲಿನಲ್ಲಿ ತೋರಿಸಿದರು. ಇದು ಯಾಕೆ ಮುಖ್ಯ ಅಂದರೆ, ಕೆರೆ ಅಂಚಿನಿಂದ ಎಷ್ಟು ಜಾಗ ಬಿಡಬೇಕು ಅನ್ನುವುದು ಬೆಂಗಳೂರಿನಲ್ಲಿ ದೊಡ್ಡ ಜಗಳ. ಹಸಿರು ನ್ಯಾಯಮಂಡಳಿ 2016ರಲ್ಲಿ 75 ಮೀಟರ್ ಅಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು, ಮಾಸ್ಟರ್ ಪ್ಲಾನಿನ 30 ಮೀಟರೇ ಉಳಿಯಿತು. ನನ್ನ ನಕ್ಷೆ ಇವೆರಡಕ್ಕೇ ನಿಲ್ಲಲಿಲ್ಲ. ಅಜ್ಜ ತೋರಿಸಿದ ಗೆರೆಯೂ ಇದೆ. ಕೆಲವು ಕಡೆ ಅದು 20 ಮೀಟರಿಗೇ ಮುಗಿಯುತ್ತದೆ, ಕೆಲವು ಕಡೆ 200 ದಾಟುತ್ತದೆ. ಕಾನೂನಿಗಿಂತ ಕಡಿಮೆ ಇರುವಲ್ಲಿ ಕಾನೂನು, ಜಾಸ್ತಿ ಇರುವಲ್ಲಿ ಅಜ್ಜ. ಹಾಗಂತಲೇ ಬರೆದಿದ್ದೇನೆ, ಸ್ವಲ್ಪ ಬೇರೆ ಮಾತಿನಲ್ಲಿ.

ರೇಷ್ಮೆ ಹುಳು ಸಾಕುವ ಹುಳು ಮನೆ ಅಕ್ಕನನ್ನು ನೆನೆಯದೆ ಇದು ಮುಗಿಯುವುದಿಲ್ಲ. ಮೊದಲ ಸಲ ಹೋದಾಗ ಒಳಗೇ ಬಿಡಲಿಲ್ಲ. ಹುಳು ನಾಲ್ಕನೇ ಜ್ವರದಲ್ಲಿದ್ದವು, ಅಂದರೆ ನಾಲ್ಕನೇ ಸಲ ಪೊರೆ ಬಿಡುತ್ತಿದ್ದವು. ಹೊರಗಿನವರು ಬಂದರೆ ರೋಗ ಬರುತ್ತದೆ ಅಂತ ಬಾಗಿಲಲ್ಲೇ ಬ್ಲೀಚಿಂಗ್ ಪೌಡರ್ ಹಾಕಿದ್ದರು. "ಗೂಡು ಕಟ್ಟಿದ್ ಮೇಲೆ ಬಾ" ಅಂದರು. ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋದ ಮೇಲೆ ಹೋದೆ. ಆವತ್ತು ಅಕ್ಕ ಲೆಕ್ಕ ಬಿಡಿಸಿ ಹೇಳಿದ ಹಾಗೆ ಯಾವ ಅರ್ಥಶಾಸ್ತ್ರದವರೂ ನನಗೆ ಹೇಳಿಲ್ಲ. ಕೊಳಚೆ ನೀರು ಬರಲು ಶುರುವಾದ ಮೇಲೆ ಭತ್ತ, ಕಬ್ಬು ಹೋಯಿತು. ಬೇಬಿ ಕಾರ್ನ್, ಹಿಪ್ಪುನೇರಳೆ, ಸೀಮೆಹುಲ್ಲು ಬಂತು. ಬೇಬಿ ಕಾರ್ನ್ ಸಿಪ್ಪೆ ಹಸುವಿಗೆ, ಹಸುವಿನ ಹಾಲು ಡೈರಿಗೆ. ಸಿಪ್ಪೆ ಬಿಡಿಸುವ ಕೂಲಿ ಪಕ್ಕದ ಕೇರಿಯ ಹೆಂಗಸರಿಗೆ, ಕಿಲೋ ಲೆಕ್ಕದಲ್ಲಿ. ಆ ಹೆಂಗಸರ ಹೆಸರಿನಲ್ಲಿ ಒಂದು ಗುಂಟೆಯೂ ಇಲ್ಲ.

ನಾನು ಆ ಕೇರಿಗೂ ಹೋದೆ. ಜೋಳದ ರಾಶಿ ಮುಂದೆ ಕೂತು ನಾನೂ ಬಿಡಿಸಿದೆ, ಅವರ ಅರ್ಧ ವೇಗವೂ ಬರಲಿಲ್ಲ. ಅಭಿವೃದ್ಧಿಪಡಿಸಿದ ಜಾಗದಲ್ಲಿ ಅರ್ಧ ಭೂಮಾಲೀಕರಿಗೆ ಅನ್ನುತ್ತಾರಲ್ಲ, ನಮಗೇನು ಅಂತ ಒಬ್ಬರು ಕೇಳಿದರು. 2013ರ ಭೂಸ್ವಾಧೀನ ಕಾಯ್ದೆ ಆ ಭೂಮಿಯನ್ನೇ ನಂಬಿಕೊಂಡ ಕೂಲಿಯವರನ್ನೂ ಬಾಧಿತ ಕುಟುಂಬ ಅಂತ ಎಣಿಸುತ್ತದೆ. ಆದರೆ ಬಿಡದಿಯ ಅಧಿಸೂಚನೆ ಹೊರಡಿಸಿದ್ದು 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯ ಕೆಳಗೆ. ಸೈಟು ಹಂಚುವ ಲೆಕ್ಕದಲ್ಲಿ ಪಹಣಿ ಇದ್ದವನೇ ಮನುಷ್ಯ. ಹೀಗಾಗಿ ನನ್ನ ಪ್ರಬಂಧದಲ್ಲಿ ಒಂದು ಅಧ್ಯಾಯ ಜಾಸ್ತಿಯಾಯಿತು. ನೀರಿನ ಪ್ರಬಂಧಕ್ಕೆ ಕೂಲಿ ಯಾಕೆ ಅಂತ ವಿಭಾಗದಲ್ಲಿ ಗೊಣಗಿದವರಿದ್ದಾರೆ. ಕೆರೆ ನೀರಿನಿಂದಲೇ ಆ ಕೂಲಿ ಹುಟ್ಟುವುದು ಸ್ವಾಮಿ.

ಆ ಅಧ್ಯಾಯ ಉಳಿದದ್ದು ನನ್ನ ಗೈಡ್ ಮೇಡಮ್ಮಿಂದ. ಮೊದಲ ತಿಂಗಳು ಲ್ಯಾಪ್‌ಟಾಪ್ ತೆರೆಯಬೇಡ, ಬಸ್ಸು ಹತ್ತು ಅಂತ ಕಳಿಸಿದವರು ಅವರೇ. ಅವರು ಕೆಂಪು ಇಂಕಿನಲ್ಲಿ ಹಾಕಿದ ಪ್ರಶ್ನಾರ್ಥಕ ಚಿಹ್ನೆಗಳನ್ನು ನೋಡಿ ಹಾಸ್ಟೆಲಿನಲ್ಲಿ ಅತ್ತಿದ್ದೂ ಉಂಟು. ಮೇಡಂ, ಈಗ ಕೋಪ ಇಲ್ಲ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಪುಟ ತಿರುವಿ ತಿರುವಿ ಕೇಳಿದರು, "ಸ್ಮಾರ್ಟ್ ಸಿಟಿ ಅಂತ ಹೆಸರಿಟ್ಟಿದ್ದೀರಿ, ಸ್ಮಾರ್ಟ್ ಎಲ್ಲಿದೆ?" ನಾನು ಹೇಳಿದೆ. ದೇಶದ ಸ್ಮಾರ್ಟ್ ಸಿಟಿ ಮಿಷನ್ 2015ರ ಜೂನ್‌ನಲ್ಲಿ ಶುರುವಾಯಿತು, 2025ರ ಮಾರ್ಚ್‌ನಲ್ಲಿ ಮುಗಿಯಿತು. 100 ಊರುಗಳಲ್ಲಿ ನಮ್ಮವೂ ಏಳು ಇದ್ದವು. ಅವೆಲ್ಲ ಮೊದಲೇ ಇದ್ದ ಊರುಗಳು. ಹಾಕಿದ ರಸ್ತೆ ಅಗೆದು ಪೈಪು, ಪೈಪು ಮುಚ್ಚಿ ಮತ್ತೆ ರಸ್ತೆ. ಹೊಸ ಊರಿಗೆ ಆ ಕರ್ಮ ಇಲ್ಲ, ನೆಲದ ಕೆಳಗಿನದನ್ನು ಮೊದಲು ಸರಿಯಾಗಿ ಮಾಡಬಹುದು. 2007ರಲ್ಲಿ ಬೆಂಗಳೂರಿಗೆ ಸೇರಿಸಿದ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ ಟ್ಯಾಂಕರ್. ಅದೂ ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಎತ್ತಿ ತರುವ ನೀರು. ಹೊಸ ಊರಿಗೂ ಅದನ್ನೇ ನಂಬಿಕೊಂಡರೆ ಹೇಗೆ? ವೃಷಭಾವತಿ ಕೆರೆಗೆ ಬರುವ ಮೊದಲೇ ಅದನ್ನು ಶುದ್ಧ ಮಾಡಲಿ. ನೀರು ಅಳೆಯುವ ಸೆನ್ಸರ್ ಆಮೇಲೆ.

"ಸರಿ, ಆಮೇಲಾದರೂ ಎಲ್ಲಿ?" ಅಂದರು. ಕೆರೆಗೆ ನೀರು ಬರುವ ಕಡೆ ಒಂದು, ಶುದ್ಧೀಕರಣ ಘಟಕದ ಬಾಯಲ್ಲಿ ಒಂದು, ಊರ ಬೋರ್‌ವೆಲ್‌ಗಳಲ್ಲಿ ಕೆಲವು. ಅಂಕಿ ಕಾಣುವ ಬೋರ್ಡು ಹಾಲಿನ ಡೈರಿ ಮುಂದೆ ಅಂದೆ. "ಕಂಟ್ರೋಲ್ ರೂಮ್ ಬಿಟ್ಟು ಡೈರಿ ಮುಂದೆಯಾ?" ಅಂತ ನಕ್ಕರು. ನಗಲಿ, ಮಾರ್ಕ್ಸ್ ಚೆನ್ನಾಗಿ ಕೊಟ್ಟಿದ್ದಾರೆ. ಅವರಿಗೂ ಧನ್ಯವಾದ.

"ನಿಂಗೇನ್ ಅನ್ಸುತ್ತೆ, ಕೊಡ್ಬೇಕಾ ಬೇಡ್ವಾ?" ಅಂತ ನೀವೆಲ್ಲ ಕೇಳಿದಾಗ ಜಾರಿಕೊಂಡಿದ್ದೆ. ಪರೀಕ್ಷೆ ಮುಗಿಯುವವರೆಗೆ ಹೇಳಬಾರದು ಅಂತ ಮೇಡಂ ಕಟ್ಟುನಿಟ್ಟಾಗಿ ಹೇಳಿದ್ದರು. ಈಗ ಹೇಳುತ್ತೇನೆ. ಕೊಡುವುದು ಬಿಡುವುದು ನಿಮ್ಮ ಇಷ್ಟ, ಅದರಲ್ಲಿ ಓದಿದವಳು ಅಂತ ನನಗೇನೂ ಹೆಚ್ಚು ಅಧಿಕಾರ ಇಲ್ಲ. ಆದರೆ ಕೊಡುವವರು ಸೈಟು ಕೈಗೆ ಬರುವ ತನಕ ಪ್ರತಿ ತಿಂಗಳು ಏನು ಬರುತ್ತದೆ, ಎಷ್ಟು ವರ್ಷ ಬರುತ್ತದೆ ಅಂತ ಬರವಣಿಗೆಯಲ್ಲಿ ಕೇಳಿ. ಬೆಂಗಳೂರಿನಲ್ಲಿ ಹೀಗೇ ರೈತರ ಭೂಮಿ ಪಡೆದ ಅರ್ಕಾವತಿ ಬಡಾವಣೆಯ ಅಧಿಸೂಚನೆ 2003ರದು, ಕೆಂಪೇಗೌಡ ಬಡಾವಣೆಯದು 2008ರದು. ಅಲ್ಲಿನವರು ಎಷ್ಟು ಕಾದರು ಅಂತ ಹೋಗಿ ಅವರನ್ನೇ ಮಾತಾಡಿಸಿ, ಬಸ್ಸಿನಲ್ಲಿ ಹೋಗಿ ಬರುವಷ್ಟೇ ದೂರ. ಸಿಪ್ಪೆ ಬಿಡಿಸುವ ಅಕ್ಕಂದಿರ ಹೆಸರು ಪಟ್ಟಿಗೆ ಸೇರುವವರೆಗೆ ಯಾರೂ ಸಹಿ ಹಾಕದಿದ್ದರೆ ನನಗೆ ಖುಷಿ. ಇದು ಪ್ರಬಂಧದಲ್ಲಿ ಇಲ್ಲ.

ಅಪ್ಪ ಅಮ್ಮನಿಗೆ ಇಲ್ಲಿ ಜಾಸ್ತಿ ಬರೆಯುವುದಿಲ್ಲ. ಫೋನಿನಲ್ಲಿ ಹೇಳಿಯಾಗಿದೆ, ಅಮ್ಮ ಅತ್ತೂ ಆಗಿದೆ. ಬಿಡದಿ ಬಸ್ ಸ್ಟ್ಯಾಂಡಿನ ಹತ್ತಿರದ ತಟ್ಟೆ ಇಡ್ಲಿ ಅಂಗಡಿಯವರಿಗೆ, ಚಿಲ್ಲರೆ ಇಲ್ಲದಾಗ ಲೆಕ್ಕ ಬರೆದುಕೊಂಡದ್ದಕ್ಕೆ ಥ್ಯಾಂಕ್ಸ್. ಕೊನೆಯ ಬಸ್ಸು ತಪ್ಪಿದ ರಾತ್ರಿ ಮಗಳ ಪಕ್ಕ ಹಾಸಿಗೆ ಹಾಸಿಕೊಟ್ಟ ಆಶಾ ಕಾರ್ಯಕರ್ತೆ ಅಕ್ಕನಿಗೂ.

ದೊಡ್ಡ ನಕ್ಷೆಯ ಮೂರು ಪ್ರತಿ ಕನ್ನಡದಲ್ಲಿ ಮಾಡಿಸಿದ್ದೇನೆ. ಒಂದು ಡೈರಿಯಲ್ಲಿದೆ, ಒಂದು ಬೈರಮಂಗಲದ ಪಂಚಾಯಿತಿಯಲ್ಲಿದೆ, ಒಂದು ಸರ್ವೆ ಮೇಷ್ಟ್ರ ಮನೆಯಲ್ಲಿದೆ. ಆಕ್ಷೇಪಣೆ ಬರೆಯುವವರು ಸರ್ವೆ ನಂಬರು ನೋಡಿಕೊಳ್ಳಲು ಬಳಸಬಹುದು. ಯಾರ ಅಪ್ಪಣೆಯೂ ಬೇಡ. ಹಳ್ಳ ಎಲ್ಲಾದರೂ ಬಿಟ್ಟುಹೋಗಿದ್ದರೆ ಪೆನ್ಸಿಲ್ಲಿನಲ್ಲಿ ಬರೆದಿಡಿ, ದೀಪಾವಳಿಗೆ ಬಂದಾಗ ಸೇರಿಸುತ್ತೇನೆ. ಇನ್ನು ಸ್ಕೂಟರ್ ಕೊಟ್ಟ ಗೆಳತಿಗೆ ಪೆಟ್ರೋಲ್ ದುಡ್ಡು ಬಾಕಿ ಇದೆ. ಕೆಲಸ ಸಿಕ್ಕಿದೆ ಕಣೇ, ಮೊದಲ ಸಂಬಳದಲ್ಲೇ ಕೊಡುತ್ತೇನೆ, ಪಂಕ್ಚರಿನದ್ದೂ ಸೇರಿಸಿ.